ಇಳಿಜಾರಿನ ಲೆಕ್ಕದಲ್ಲಿ ಋಣ ಚಿಹ್ನೆ ಕಳೆದುಹೋದದ್ದೆಲ್ಲಿ?

ನೀವು ಎರಡು ಸಂಗತಿಗಳನ್ನು ಕೇಳಿದ್ದೀರಿ. (2, 7) ಮತ್ತು (6, −1) ಬಿಂದುಗಳ ಮೂಲಕ ಹಾಯುವ ರೇಖೆಯ ಇಳಿಜಾರು ನಿಮಗೆ 2 ಎಂದು ಬಂದಿರುವಾಗ ಪುಸ್ತಕದಲ್ಲಿ −2 ಎಂದಿರುವುದೇಕೆ ಎಂಬುದು ಒಂದು. ನೆಟ್ಟಗೆ ನಿಂತ ರೇಖೆಯ ಇಳಿಜಾರನ್ನು ಸೊನ್ನೆ ಎನ್ನಬಾರದೇ ಎಂಬುದು ಇನ್ನೊಂದು.

ಇಳಿಜಾರು ಎಂದರೆ ಎರಡು ಬಿಂದುಗಳ ವೈ ಬೆಲೆಗಳ ವ್ಯತ್ಯಾಸವನ್ನು (ಏರಿಕೆಯನ್ನು) ಎಕ್ಸ್ ಬೆಲೆಗಳ ವ್ಯತ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. ಮೊದಲನೆಯದರಲ್ಲಿ ಕಳೆಯುವ ಕ್ರಮ ನಡುವೆ ಬದಲಾಗಿದೆ. ವೈ ಬೆಲೆಗಳಲ್ಲಿ ಮೊದಲ ಬಿಂದುವಿನದರಿಂದ ಎರಡನೆಯದನ್ನು ಕಳೆದು 7 − (−1) = 8 ಎಂದು ಬರೆದಿದ್ದೀರಿ; ಎಕ್ಸ್ ಬೆಲೆಗಳಲ್ಲಿ ಎರಡನೆಯದರಿಂದ ಮೊದಲನೆಯದನ್ನು ಕಳೆದು 6 − 2 = 4 ಎಂದಿದ್ದೀರಿ. ಯಾವ ಬಿಂದುವಿನಿಂದ ಆರಂಭಿಸಿದರೂ ಅಡ್ಡಿಯಿಲ್ಲ, ಆದರೆ ಅಂಶದಲ್ಲಿ ಹಿಡಿದ ಕ್ರಮವನ್ನೇ ಛೇದದಲ್ಲೂ ಹಿಡಿಯಬೇಕು. (−1 − 7) ÷ (6 − 2) = −8 ÷ 4 = −2; ಹಿಂದುಮುಂದಾಗಿ ಮಾಡಿದರೆ 8 ÷ (−4), ಅದೂ −2. ಎಡದಿಂದ ಬಲಕ್ಕೆ ಒಂದು ಮಾನ ಸಾಗಿದರೆ ರೇಖೆ ಎರಡು ಮಾನ ಕೆಳಗಿಳಿಯುತ್ತದೆ ಎಂದು ಇದರ ಅರ್ಥ. ಎರಡು ಚುಕ್ಕೆಗಳನ್ನು ಒರಟಾಗಿ ಗುರುತಿಸಿ ನೋಡಿದ್ದರೂ ರೇಖೆ ಇಳಿಯುತ್ತಿರುವುದು ಕಾಣುತ್ತಿತ್ತು, ಉತ್ತರ ಧನವಾಗಿರಲಾರದೆಂದು ಅಲ್ಲೇ ಅನುಮಾನ ಬರುತ್ತಿತ್ತು.

ಛೇದದಲ್ಲಿ ಏನಿರಬೇಕೆಂಬುದು ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ. ನಾನಿರುವುದು ಕೊಡಗಿನಲ್ಲಿ; ಇಲ್ಲಿ ಗದ್ದೆ ಬಿಟ್ಟರೆ ಸಮತಟ್ಟಾದ ನೆಲ ಕಾಣುವುದು ಅಪರೂಪ. ಒಮ್ಮೆ ನಮ್ಮ ಕಾಫಿ ತೋಟದ ಬರೆಯ, ಅಂದರೆ ಗುಡ್ಡದ ಓರೆ ಬದಿಯ, ಇಳಿಜಾರನ್ನು ತಿಳಿಯಲು ನೆಲದ ಮೇಲೆಯೇ ಟೇಪ್ ಹಾಸಿ 10 ಮೀಟರ್ ಅಳೆದೆ, ನೀರು ತುಂಬಿದ ಪೈಪಿನಿಂದ ಮಟ್ಟ ಹಿಡಿದು ಎತ್ತರದ ವ್ಯತ್ಯಾಸ 6 ಮೀಟರ್ ಎಂದು ಕಂಡುಕೊಂಡೆ, ಇಳಿಜಾರು 0.6 ಎಂದು ಬರೆದಿಟ್ಟೆ. ಅದು ತಪ್ಪು. ನಾನು ಅಳೆದದ್ದು ಲಂಬಕೋನ ತ್ರಿಭುಜದ ವಿಕರ್ಣವನ್ನು; ಪೈಥಾಗೊರಸ್ ಪ್ರಮೇಯದಂತೆ ಅಡ್ಡ ಅಂತರ 8 ಮೀಟರ್ ಮಾತ್ರ, ಆದ್ದರಿಂದ ಇಳಿಜಾರು 6 ÷ 8 = 0.75. ಆಲೇಖದಲ್ಲಿ ಎಕ್ಸ್ ಬೆಲೆಗಳ ವ್ಯತ್ಯಾಸವೇ ಈ ಅಡ್ಡ ಅಂತರ.

ಇನ್ನೊಂದು ಮಾತು. ಕುಶಾಲನಗರ ಸಮುದ್ರಮಟ್ಟದಿಂದ ಸುಮಾರು 830 ಮೀಟರ್, ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿವೆ. ನಡುವಿನ ರಸ್ತೆ ಸುಮಾರು 30 ಕಿಲೋಮೀಟರ್. ಸರಾಸರಿ ತೆಗೆದರೆ ನೂರು ಮೀಟರಿಗೆ ಒಂದು ಮೀಟರಿನಷ್ಟೇ ಏರಿಕೆ, ಆದರೂ ಮಡಿಕೇರಿ ಹತ್ತಿರವಾದಂತೆ ಬಸ್ಸು ಗೇರ್ ಇಳಿಸುತ್ತದೆ. ರಸ್ತೆಯ ಇಳಿಜಾರು ತಾವಿನಿಂದ ತಾವಿಗೆ ಬದಲಾಗುತ್ತದೆ; ಸರಳರೇಖೆಯದು ಬದಲಾಗುವುದಿಲ್ಲ, ಆದ ಕಾರಣವೇ ಅದರ ಮೇಲಿನ ಯಾವ ಎರಡು ಬಿಂದುಗಳನ್ನು ಆರಿಸಿಕೊಂಡರೂ ಒಂದೇ ಉತ್ತರ ಬರುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಸೊನ್ನೆ ಇಳಿಜಾರು ಮಲಗಿದ ರೇಖೆಯದು. ಅಲ್ಲಿ ಏರಿಕೆ ಸೊನ್ನೆ. (3, 1) ಮತ್ತು (3, 5) ಬಿಂದುಗಳಲ್ಲಾದರೋ ಏರಿಕೆ 4 ಇದ್ದು ಅಡ್ಡ ಅಂತರ ಸೊನ್ನೆಯಾಗಿದೆ. ಸೊನ್ನೆಯಿಂದ ಭಾಗಿಸುವಂತಿಲ್ಲವಾದ್ದರಿಂದ ಅಲ್ಲಿ ಇಳಿಜಾರನ್ನು ವ್ಯಾಖ್ಯಾನಿಸುವುದೇ ಇಲ್ಲ, ಆ ರೇಖೆಯ ಸಮೀಕರಣವನ್ನು ಎಕ್ಸ್ = 3 ಎಂದಷ್ಟೇ ಬರೆಯುತ್ತೇವೆ.