ಕೊಳೆರೋಗದ ಕೃತಕ ಚಿತ್ರಗಳು: ಪ್ರತಿಕ್ರಿಯೆ

ತೀರ್ಥಹಳ್ಳಿಯ ಅಡಿಕೆ ತೋಟಗಳಲ್ಲಿ ತೆಗೆದ ಕೊಳೆರೋಗದ ಫೋಟೊಗಳು ಕಡಿಮೆಯಿರುವುದರಿಂದ, ಎಐ ರಚಿಸಿದ ಚಿತ್ರಗಳಿಂದಲೇ ರೋಗ ಗುರುತಿಸುವ ಮಾದರಿಗೆ ತರಬೇತಿ ಕೊಡಬಹುದೇ ಎಂದು ಕೇಳಿದ್ದೀರಿ. ಪೂರಕವಾಗಿ ಬಳಸಿ; ಅವನ್ನೇ ನೆಚ್ಚಬೇಡಿ. ಇಂತಹ ಚಿತ್ರ ರಚಿಸುವ ಡಿಫ್ಯೂಷನ್ ಎಂಬ ಎಐ ಮಾದರಿಯು ಚಿತ್ರಕ್ಕೆ ಬೆರೆಸಿದ ಗದ್ದಲವನ್ನು (ಅಡ್ಡಾದಿಡ್ಡಿ ಚುಕ್ಕೆಗಳನ್ನು) ಹಂತಹಂತವಾಗಿ ತೆಗೆಯಲು ಕಲಿತು, ಕೊನೆಗೆ ಬರಿಯ ಗದ್ದಲದಿಂದಲೇ ಹೊಸ ಚಿತ್ರವನ್ನು ಮೂಡಿಸುತ್ತದೆಯಾದರೂ, ತಾನು ಕಂಡಿರದ ಲಕ್ಷಣವನ್ನು ಸರಿಯಾಗಿ ತೋರಿಸುತ್ತದೆಂಬ ಭರವಸೆಯಿಲ್ಲ. ಎಳೆಯ ಅಡಿಕೆಯ ತೊಟ್ಟಿನ ಬಳಿ ಮೊದಲು ಕಾಣುವ, ನೀರಲ್ಲಿ ನೆನೆದಂತಹ ಕಡುಹಸಿರು ಕಲೆಯನ್ನು ಬಿಟ್ಟು, ಆಮೇಲೆ ಹಬ್ಬುವ ಬಿಳಿ ಬೂಸ್ಟನ್ನಷ್ಟೇ ಅದು ಬಿಡಿಸಿದರೆ, ಔಷಧಿ ಹೊಡೆಯುವ ಹೊತ್ತು ಮೀರಿದ ಮೇಲೆಯೇ ನಿಮ್ಮ ಮಾದರಿ ಎಚ್ಚರಿಸೀತು. ಇದೇ ತಂತ್ರದಿಂದ 2023ರಲ್ಲಿ ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಆರ್‌ಎಫ್‌ಡಿಫ್ಯೂಷನ್ ಎಂಬ ಎಐ ಮಾದರಿಯ ತಂಡವೂ ಅವುಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಪರೀಕ್ಷಿಸಿತು. ನೀವೂ ಆಷಾಢದ ಮಳೆಯಲ್ಲಿ ತೆಗೆದ ನಿಜವಾದ ಫೋಟೊಗಳ ಒಂದು ಪಾಲನ್ನು ತರಬೇತಿಗೆ ಸೇರಿಸದೆ, ಪರೀಕ್ಷೆಗೆಂದೇ ತೆಗೆದಿಡಿ.