ಗೆಳೆತನದ ಹೆಸರಿನಲ್ಲಿ ಜಾಮೀನು

ಪ್ರಶ್ನೆ: ಬಹುಕಾಲದ ಸ್ನೇಹಿತರೊಬ್ಬರು ಸಹಕಾರ ಸಂಘದ ಸಾಲಕ್ಕೆ ನನ್ನ ಜಾಮೀನನ್ನೂ, ಸಹಿ ಮಾಡಿದ ಖಾಲಿ ಚೆಕ್ಕನ್ನೂ ಕೇಳುತ್ತಿದ್ದಾರೆ. ‘ಬರೀ ಹೆಸರಿಗಷ್ಟೇ’ ಎನ್ನುತ್ತಾರೆ. ನಂಬಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೆಸರಿಗಷ್ಟೇ ಎನ್ನುವ ಜಾಮೀನು ಕಾನೂನಿನಲ್ಲಿ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಜಾಮೀನುದಾರರ ಹೊಣೆಯೂ ಸಾಲಗಾರರ ಹೊಣೆಯಷ್ಟೇ ಇರುವುದರಿಂದ, ಸಂಘದವರು ಅವರನ್ನು ಬಿಟ್ಟು ಮೊದಲು ನಿಮ್ಮ ಮನೆಬಾಗಿಲಿಗೇ ಬರಬಹುದು. ನೀವು ತೀರಿಸಿದ ಹಣವನ್ನು ಅವರಿಂದ ವಸೂಲು ಮಾಡುವ ಹಕ್ಕು 145ನೇ ಕಲಮಿನಲ್ಲಿ ಇದೆ, ನಿಜ. ಆದರೆ ಕೈ ಬರಿದಾದವರ ಮೇಲೆ ದಾವೆ ಗೆದ್ದು ಪಡೆಯುವುದಾದರೂ ಏನನ್ನು? ಖಾಲಿ ಚೆಕ್ಕನ್ನಂತೂ ಖಂಡಿತ ಕೊಡಬೇಡಿ. ಮೊತ್ತವನ್ನು ಬರೆಯುವ ಕೈ ನಿಮ್ಮದಾಗಿರುವುದಿಲ್ಲ.

ಗೆಳೆಯರ ಮನಸ್ಸನ್ನು ಇಲ್ಲಿಂದಲೇ ಅಳೆಯುವುದು ನನ್ನಿಂದಾಗದು, ಅವರ ಕಷ್ಟ ನಿಜವೂ ಇರಬಹುದು. ಸಾಲದ ಅರ್ಜಿಯ ಪ್ರತಿ, ಈಗಿರುವ ಸಾಲಗಳ ವಿವರ ಇವೆರಡನ್ನು ಕೇಳಿ ನೋಡಿ. ಪ್ರಾಮಾಣಿಕರು ಸ್ವಲ್ಪ ಮುಜುಗರಪಟ್ಟರೂ ಕಾಗದ ತೋರಿಸುತ್ತಾರೆ. ‘ಇಷ್ಟು ವರ್ಷದ ಸ್ನೇಹಕ್ಕೆ ಇದೇ ಬೆಲೆಯೇ’ ಎಂದು ಮುನಿಸಿಕೊಂಡು, ‘ನಾಳೆಯೇ ಕೊನೆಯ ದಿನ, ಮನೆಯಲ್ಲಿ ಹೇಳಬೇಡಿ’ ಎಂದು ಅವಸರಪಡಿಸಿದರೆ ಸಹಿ ಹಾಕದೆ ಎದ್ದು ಬನ್ನಿ. ಸಹಾಯ ಮಾಡಲೇಬೇಕೆನಿಸಿದರೆ, ಮರಳಿ ಬಾರದಿದ್ದರೂ ನಿಮ್ಮ ಸಂಸಾರಕ್ಕೆ ತೊಂದರೆಯಾಗದಷ್ಟು ಮೊತ್ತವನ್ನು ಬ್ಯಾಂಕಿನ ಮೂಲಕವೇ ಕೊಡಿ.