ಎರಡೂ ಸದನ ಕೈಯಲ್ಲಿದ್ದೂ 2007ರಲ್ಲಿ ಇರಾಕ್‌ನಿಂದ ಸೈನ್ಯ ಯಾಕೆ ವಾಪಸ್ ಬರಲಿಲ್ಲ?

ನೀವು ಕೇಳಿದ್ದು ಇಷ್ಟು: 2006ರ ನವೆಂಬರ್ ಚುನಾವಣೆಯಲ್ಲಿ ಇರಾಕ್ ಯುದ್ಧದ ಮೇಲಿನ ಸಿಟ್ಟಿಗೇ ಜನ ಅಮೆರಿಕ ಸಂಸತ್ತಿನ ಎರಡೂ ಸದನಗಳನ್ನು ಡೆಮಾಕ್ರಟರ ಕೈಗೆ ಕೊಟ್ಟರು. ಖಜಾನೆಯ ಕೀಲಿಕೈ ಸಂಸತ್ತಿನದು. ಹಾಗಿದ್ದೂ 2007ರಲ್ಲಿ ಸೈನ್ಯ ವಾಪಸ್ ಬರುವುದಿರಲಿ, ಇನ್ನೂ ಹೆಚ್ಚಾಯಿತು. ಯಾಕೆ?

ಸಾಮಾನ್ಯವಾಗಿ ಸಿಗುವ ಉತ್ತರ, 'ಅಧ್ಯಕ್ಷ ಬುಷ್ ವೀಟೊ ಮಾಡಿದರು (ಮಸೂದೆಗೆ ಒಪ್ಪಿಗೆ ನಿರಾಕರಿಸಿದರು), ಅದನ್ನು ಮೀರುವಷ್ಟು ಸಂಖ್ಯೆ ಇರಲಿಲ್ಲ' ಅಂತ. ಸುಳ್ಳಲ್ಲ, ಆದರೆ ಅದು ಅರ್ಧ ಉತ್ತರ. ದುಡ್ಡು ಕೊಡದೇ ಇರುವುದಕ್ಕೆ ವೀಟೊ ಮೀರಬೇಕಾಗಿಲ್ಲ, ಮಸೂದೆ ಪಾಸಾಗದಿದ್ದರೆ ಸಾಕು. ಆ ದಾರಿಯನ್ನು ಯಾಕೆ ಹಿಡಿಯಲಿಲ್ಲ ಅನ್ನುವುದೇ ಅಸಲು ಪ್ರಶ್ನೆ. ನನ್ನ ಪ್ರಕಾರ ಉತ್ತರ ಇದು: ಡೆಮಾಕ್ರಟರಿಗೆ ಬಹುಮತ ಇತ್ತು, ಯುದ್ಧ ನಿಲ್ಲಿಸಬೇಕೆನ್ನುವವರಿಗೆ ಇರಲಿಲ್ಲ. ಆ ವರ್ಷದ ಒಂದೊಂದು ಮತದಾನವನ್ನೂ ಬಿಡಿಸಿ ನೋಡಿದರೆ ಇದು ಎದ್ದು ಕಾಣುತ್ತದೆ.

ಮೊದಲು ನಮ್ಮ ಕಡೆಯ ಲೆಕ್ಕಾಚಾರ ಪಕ್ಕಕ್ಕಿಡಬೇಕು. ನಮ್ಮ ಲೋಕಸಭೆಯಲ್ಲಿ ಅನುದಾನದ ಬೇಡಿಕೆ ಬಿದ್ದರೆ ಸರ್ಕಾರವೇ ಬಿದ್ದ ಹಾಗೆ. ಮೇಲಾಗಿ 1985ರಿಂದ ಪಕ್ಷಾಂತರ ನಿಷೇಧ ಕಾನೂನು ಇದೆ, ವಿಪ್ ಮೀರಿ ಮತ ಹಾಕಿದ ಸದಸ್ಯನ ಸ್ಥಾನಕ್ಕೇ ಕುತ್ತು. ಸೈನ್ಯ ಹೊರಗೆ ಕಳಿಸುವುದಕ್ಕಂತೂ ಸಂಸತ್ತಿನ ಮತವೇ ಬೇಕಿಲ್ಲ. 1987ರ ಜುಲೈ ಒಪ್ಪಂದದ ಮೇಲೆ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋದದ್ದು ಸರ್ಕಾರದ ತೀರ್ಮಾನ. ವಾಪಸಾತಿ ರಾಜೀವ್ ಗಾಂಧಿ ಕಾಲದಲ್ಲೇ ಶುರುವಾಗಿ, ಸರ್ಕಾರ ಬದಲಾದ ಮೇಲೆ 1990ರ ಮಾರ್ಚ್ 24ಕ್ಕೆ ಮುಗಿಯಿತು, ಅದೂ ಸರ್ಕಾರದ ತೀರ್ಮಾನ. ಅಮೆರಿಕದಲ್ಲಿ ಸಂಸತ್ತು ಎಷ್ಟೇ ಎದುರು ನಿಂತರೂ ಅಧ್ಯಕ್ಷರು 4 ವರ್ಷ ಕದಲುವುದಿಲ್ಲ. ಸಂಸದರಿಗೆ ವಿಪ್‌ನ ಭಯವೂ ಇಲ್ಲ, ಅವರವರ ಕ್ಷೇತ್ರದ ಭಯ ಮಾತ್ರ.

ಈಗ ಸಂಖ್ಯೆಗಳು. ಕೆಳಮನೆಯಾದ ಹೌಸ್‌ನಲ್ಲಿ 435 ಸ್ಥಾನ, ಡೆಮಾಕ್ರಟರು 233. ಮೇಲ್ಮನೆಯಾದ ಸೆನೆಟ್‌ನಲ್ಲಿ 51-49, ಆ 51ರಲ್ಲಿ ಇಬ್ಬರು ಪಕ್ಷೇತರರು. ಅವರಲ್ಲೊಬ್ಬರಾದ ಜೋ ಲೀಬರ್ಮನ್ ಯುದ್ಧದ ಪರ. ದಕ್ಷಿಣ ಡಕೋಟಾದ ಟಿಮ್ ಜಾನ್ಸನ್ ಮೆದುಳಿನ ರಕ್ತಸ್ರಾವದಿಂದ ಆಸ್ಪತ್ರೆ ಸೇರಿ ಸೆಪ್ಟೆಂಬರ್‌ವರೆಗೂ ಸದನಕ್ಕೆ ಬರಲಿಲ್ಲ. ಅಂದರೆ ಕೈಗೆ ಸಿಗುತ್ತಿದ್ದದ್ದು 49. ಆದರೆ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಬೇಕೆಂದರೇ 60 ಬೇಕು. ವೀಟೊ ಮೀರಲು ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಬೇಕು.

2007ರ ಜನವರಿ 10ರಂದು ಬುಷ್ ಇನ್ನೂ 5 ಬ್ರಿಗೇಡ್, ಅಂದರೆ 20,000ಕ್ಕೂ ಹೆಚ್ಚು ಯೋಧರನ್ನು ಕಳಿಸುವುದಾಗಿ ಘೋಷಿಸಿದರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಇರಾಕ್ ನೀತಿಯನ್ನು ಪರಿಶೀಲಿಸಿದ ಎರಡೂ ಪಕ್ಷದವರ ಬೇಕರ್-ಹ್ಯಾಮಿಲ್ಟನ್ ಸಮಿತಿ, 2008ರ ಮೊದಲ ಮೂರು ತಿಂಗಳೊಳಗೆ ಕಾದಾಟದ ಬ್ರಿಗೇಡ್‌ಗಳು ಹೊರಬರಬಹುದು ಎಂದಿತ್ತು. ಫೆಬ್ರವರಿ 16ಕ್ಕೆ ಹೌಸ್ 246-182ರಲ್ಲಿ ಈ ಹೆಚ್ಚಳವನ್ನು ವಿರೋಧಿಸಿತು, 17 ರಿಪಬ್ಲಿಕನ್ನರೂ ಜೊತೆಗೂಡಿದರು. ಆದರೆ ಅದು ಬರೀ ನಿರ್ಣಯ. ಅದಕ್ಕೆ ಕಾನೂನಿನ ಬಲ ಇಲ್ಲ, ಅದರಿಂದ ಒಬ್ಬ ಯೋಧನೂ ಅಲುಗುವುದಿಲ್ಲ.

ಬಲ ಇದ್ದದ್ದು ದುಡ್ಡಿನ ಮಸೂದೆಗೆ. ಇರಾಕ್ ಯುದ್ಧದ ಖರ್ಚು ಮಾಮೂಲಿ ರಕ್ಷಣಾ ಬಜೆಟ್‌ನಲ್ಲಿ ಪೂರ್ತಿ ಇರುತ್ತಿರಲಿಲ್ಲ. ಒಂದಿಷ್ಟನ್ನು ಮುಂಗಡವಾಗಿ ಕೊಟ್ಟು (ಆ ವರ್ಷ 7,000 ಕೋಟಿ ಡಾಲರ್), ಉಳಿದದ್ದನ್ನು ವಸಂತಕಾಲದಲ್ಲಿ ಪೂರಕ ಮಸೂದೆ ಮಾಡಿ ಕೊಡುವುದು ರೂಢಿ. ಅಧ್ಯಕ್ಷರಿಗೆ ಈ ಮಸೂದೆ ಬೇಕೇ ಬೇಕು. ಅದಕ್ಕೇ ಡೆಮಾಕ್ರಟರು ವಾಪಸಾತಿಯ ಗಡುವನ್ನು ಅದಕ್ಕೆ ಕಟ್ಟಿದರು.

ಆದರೆ ಹೌಸ್‌ನಲ್ಲಿ ಬಹುಮತಕ್ಕೆ ಬೇಕಾದ 218 ಮತ ಕೂಡಿಸುವುದೇ ದೊಡ್ಡ ಪಾಡಾಯಿತು. ಒಂದು ಕಡೆ 'ಯುದ್ಧಕ್ಕೆ ಒಂದು ಪೈಸೆಯೂ ಬೇಡ' ಎನ್ನುವ ಎಡಪಂಥದ ಗುಂಪು, ಇನ್ನೊಂದು ಕಡೆ ಬುಷ್ ಗೆದ್ದ ಕ್ಷೇತ್ರಗಳಿಂದ ಆಯ್ಕೆಯಾಗಿ ಬಂದ ಸಂಪ್ರದಾಯಸ್ಥ ಡೆಮಾಕ್ರಟರು. ಅವರನ್ನು ಒಲಿಸಲು ಮಾರ್ಚ್‌ನ ಮೊದಲ ರೂಪದಲ್ಲಿ ಪಾಲಕ್ ಬೆಳೆಗಾರರಿಗೆ 2.5 ಕೋಟಿ ಡಾಲರ್, ಶೇಂಗಾ ದಾಸ್ತಾನಿಗೆ 7.4 ಕೋಟಿ ಡಾಲರ್ ಸೇರಿಸಿದರು. ಇದು ದೊಡ್ಡ ತಪ್ಪು ಅಂತಲೇ ನಾನು ಹೇಳುತ್ತೇನೆ. ಯೋಧರ ಜೀವದ ಮಸೂದೆಯಲ್ಲಿ ಶೇಂಗಾ ಯಾಕೆ ಎಂದು ಎದುರಾಳಿಗಳು ಕೇಳಿದಾಗ ಕೊಡಲು ಉತ್ತರ ಇರಲಿಲ್ಲ. ಇಷ್ಟೆಲ್ಲ ಮಾಡಿ ಬಂದದ್ದು 218-212.

ಎರಡೂ ಸದನಗಳ ರೂಪಗಳನ್ನು ಹೊಂದಿಸಿ ಏಪ್ರಿಲ್ ಕೊನೆಯಲ್ಲಿ ಪಾಸು ಮಾಡಿದ ಮಸೂದೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಟ್ಟು 12,400 ಕೋಟಿ ಡಾಲರ್. ಇರಾಕ್ ಸರ್ಕಾರ ತೈಲ ಹಂಚಿಕೆ, ಪ್ರಾಂತೀಯ ಚುನಾವಣೆ ಮುಂತಾದ ವಿಷಯಗಳಲ್ಲಿ ಮುಂದಡಿ ಇಡುತ್ತಿದೆ ಎಂದು ಅಧ್ಯಕ್ಷರು ದೃಢೀಕರಿಸದಿದ್ದರೆ ಜುಲೈ 1ರೊಳಗೆ, ದೃಢೀಕರಿಸಿದರೂ ಅಕ್ಟೋಬರ್ 1ರೊಳಗೆ ವಾಪಸಾತಿ ಶುರುವಾಗಬೇಕು. ಇಲ್ಲಿ ಪದ 'ತಕ್ಕದ್ದು', ಅಂದರೆ ಕಡ್ಡಾಯ. ಆದರೆ 180 ದಿನಗಳಲ್ಲಿ ಮುಗಿಯಬೇಕು ಎನ್ನುವುದು ಬರೀ 'ಗುರಿ'. ಶುರು ಮಾಡುವುದು ಕಡ್ಡಾಯ, ಮುಗಿಸುವುದಲ್ಲ. ಅದರ ಮೇಲೆ ಮೂರು ವಿನಾಯಿತಿ: ರಾಯಭಾರ ಕಚೇರಿ ಮತ್ತು ಅಮೆರಿಕನ್ನರ ರಕ್ಷಣೆ, ಅಲ್ ಖೈದಾ ಮೇಲಿನ ಸೀಮಿತ ಕಾರ್ಯಾಚರಣೆ, ಇರಾಕಿ ಪಡೆಗಳಿಗೆ ತರಬೇತಿ. ಈ ಮೂರು ಕೆಲಸಕ್ಕೆ ಎಷ್ಟು ಜನ ಉಳಿಯಬಹುದು ಎಂಬುದಕ್ಕೆ ಮಸೂದೆಯಲ್ಲಿ ಮಿತಿಯೇ ಇರಲಿಲ್ಲ. ಹತ್ತಾರು ಸಾವಿರ ಜನರನ್ನು ಉಳಿಸಿಕೊಂಡೇ 'ಕಾನೂನು ಪಾಲಿಸಿದೆ' ಎನ್ನಬಹುದಿತ್ತು.

'ಗುರಿ' ಅಂತ ಮೆತ್ತಗೆ ಬರೆದದ್ದಕ್ಕೆ ಮತ ಸಾಲದಿದ್ದದ್ದು ಒಂದು ಕಾರಣ, ಸಾಗಣೆ ಇನ್ನೊಂದು. ಇರಾಕ್‌ನಿಂದ ಭಾರಿ ಸಾಮಾನು ಹೊರಬರುವ ಮುಖ್ಯ ದಾರಿ ದಕ್ಷಿಣಕ್ಕೆ, ಕುವೈತ್‌ಗೆ. ಅಲ್ಲಿ ಒಂದೊಂದು ವಾಹನವನ್ನೂ ಚಕ್ರದ ಸಂದಿ, ಚಾಸಿಸ್ ಅಡಿ ಎಲ್ಲ ಮಣ್ಣಿನ ಕಣ ಉಳಿಯದ ಹಾಗೆ ನೀರು ಹಾಯಿಸಿ ತೊಳೆಯಬೇಕು. ಪರದೇಶದ ಕೀಟ, ಬೀಜ ಒಳಗೆ ಬರಬಾರದು ಎಂಬ ಅಮೆರಿಕದ ಕೃಷಿ ನಿಯಮ ಅದು. ತಪಾಸಣೆ ಆದ ಮೇಲೆಯೇ ಹಡಗು. ಸುರಕ್ಷಿತವಾಗಿ ತಿಂಗಳಿಗೆ ಒಂದೆರಡು ಬ್ರಿಗೇಡ್ ತೆಗೆಯಬಹುದು ಎಂಬುದು ಆಗ ಎಲ್ಲರೂ ಹೇಳುತ್ತಿದ್ದ ಲೆಕ್ಕ. 20 ಬ್ರಿಗೇಡ್‌ಗೆ ಅದು 10ರಿಂದ 20 ತಿಂಗಳಾಗುತ್ತದೆ. 180 ದಿನದ ಗಡುವು ಕಾಗದದ ಮೇಲೂ ಬಿಗಿಯಾಗಿತ್ತು.

ಈ ಮಸೂದೆಗೆ ಸೆನೆಟ್‌ನಲ್ಲಿ ಬಿದ್ದದ್ದು 51-46. ಆ 49ಕ್ಕೆ ಚಕ್ ಹೇಗಲ್ ಮತ್ತು ಗಾರ್ಡನ್ ಸ್ಮಿತ್ ಎಂಬ ಇಬ್ಬರು ರಿಪಬ್ಲಿಕನ್ನರು ಸೇರಿದರು. 60ರ ತಡೆ ಹಾಕಬಹುದಿದ್ದ ರಿಪಬ್ಲಿಕನ್ನರು ಇಲ್ಲಿ ಹಾಕಲಿಲ್ಲ. ಹೇಗೂ ವೀಟೊ ಬರುತ್ತದೆ, ತಾವು ತಡೆದರೆ ದುಡ್ಡು ತಡೆದ ಹೆಸರು ತಮಗೇ ಬರುತ್ತದೆ ಎಂಬುದು ಅವರ ಲೆಕ್ಕ. ಮೇ 1ಕ್ಕೆ ವೀಟೊ ಬಂತು. ಮರುದಿನ ಹೌಸ್‌ನಲ್ಲಿ ಅದನ್ನು ಮೀರುವ ಯತ್ನಕ್ಕೆ 222-203. ಬೇಕಿದ್ದದ್ದು 284. ಡೆಮಾಕ್ರಟರ ಜೊತೆ ಬಂದ ರಿಪಬ್ಲಿಕನ್ನರು ಇಬ್ಬರೇ.

ರಿಪಬ್ಲಿಕನ್ನರ ವಾದವನ್ನು ಸರಿಯಾಗಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ತಾರೀಖು ಘೋಷಿಸಿದರೆ ಶತ್ರು ಅಲ್ಲಿಯವರೆಗೆ ಕಾದು ಕೂರುತ್ತಾನೆ, ನಮಗೆ ನೆರವಾದ ಇರಾಕಿಗಳನ್ನು ಆಮೇಲೆ ಕೊಲ್ಲುತ್ತಾನೆ, ಹೆಚ್ಚುವರಿ ಬ್ರಿಗೇಡ್‌ಗಳು ಇನ್ನೂ ಪೂರ್ತಿ ತಲುಪಿಯೇ ಇಲ್ಲ, ಆಗಲೇ ಸೋಲೊಪ್ಪಬೇಕೇ ಅಂತ. ಡೆಮಾಕ್ರಟರ ವಾದ: ಸೈನ್ಯ ಇರುವತನಕ ಬಾಗ್ದಾದ್‌ನ ರಾಜಕಾರಣಿಗಳು ರಾಜಿಗೆ ಬರುವುದಿಲ್ಲ, ತಾರೀಖೇ ಅವರ ಮೇಲಿನ ಒತ್ತಡ. ಎರಡರಲ್ಲೂ ಹುರುಳಿತ್ತು. ಜಗಳ ಕೆಟ್ಟದ್ದು ಪದಗಳಲ್ಲಿ. ಒಬ್ಬರು 'ಮರುನಿಯೋಜನೆ' ಎಂದರು, ಇನ್ನೊಬ್ಬರು ಅದನ್ನೇ 'ಶರಣಾಗತಿಯ ತಾರೀಖು' ಎಂದರು.

ಈಗ ನಿಮ್ಮ ಪ್ರಶ್ನೆಯ ಹೃದಯಕ್ಕೆ ಬರೋಣ: ವೀಟೊ ಆದಮೇಲೆ ಸುಮ್ಮನೆ ಕೂತಿದ್ದರೆ? ಸೇನೆ ಬೇರೆ ಖಾತೆಗಳಿಂದ ವರ್ಗಾಯಿಸಿಕೊಂಡು ಜುಲೈವರೆಗೂ ಸಂಭಾಳಿಸಬಹುದು ಎಂದು ಸಂಸತ್ತಿನ ಸಂಶೋಧನಾ ಸೇವೆಯೇ ಲೆಕ್ಕ ಕೊಟ್ಟಿತ್ತು. ಆಮೇಲೆ ದುಡ್ಡು ಮುಗಿದರೂ ಯೋಧರು ತಾವಾಗಿಯೇ ವಿಮಾನ ಹತ್ತುವುದಿಲ್ಲ. ವಾಪಸ್ ಬರುವುದಕ್ಕೂ ಖರ್ಚಿದೆ. ಮಂಜೂರಾತಿ ಇಲ್ಲದೆಯೂ ಬಟ್ಟೆ, ಆಹಾರ, ಇಂಧನ, ಸಾಗಣೆಗೆ ಸಾಲ ಮಾಡಲು ಸೇನೆಗೆ ಅವಕಾಶ ಕೊಡುವ 19ನೇ ಶತಮಾನದ ಕಾನೂನೊಂದು ಇದೆ. ಅಧ್ಯಕ್ಷರು ಅದನ್ನು ಬಳಸಿಕೊಂಡು, ದೇಶದೊಳಗಿನ ನೆಲೆಗಳಲ್ಲಿ ತರಬೇತಿ, ರಿಪೇರಿ ನಿಲ್ಲಿಸಿ, 'ಸಂಸತ್ತು ಯೋಧರನ್ನು ಕೈಬಿಟ್ಟಿದೆ' ಎಂದು ದಿನಾ ಹೇಳಬಹುದಿತ್ತು. ಹಾಗಾಗಿ ಗೆಲ್ಲಬೇಕಾದರೆ ದುಡ್ಡು ತಡೆಹಿಡಿದರೆ ಸಾಲದು, ಎರಡು ಮೂರು ತಿಂಗಳು ಈ ಮಾತು ಕೇಳಿಕೊಂಡು ಒಗ್ಗಟ್ಟಾಗಿ ನಿಲ್ಲಬೇಕಿತ್ತು.

ಒಗ್ಗಟ್ಟು ಎಷ್ಟಿತ್ತು? ಮೇ 10ರಂದು, 9 ತಿಂಗಳಲ್ಲಿ ಪೂರ್ತಿ ವಾಪಸಾತಿ ಎಂಬ ಮಸೂದೆಗೆ ಹೌಸ್‌ನಲ್ಲಿ 171 ಮತ, ವಿರುದ್ಧ 255. ಮೇ 16ರಂದು, 2008ರ ಮಾರ್ಚ್ 31ರ ನಂತರ ಯುದ್ಧಕ್ಕೆ ಹಣವಿಲ್ಲ ಎಂಬ ಫೈನ್‌ಗೋಲ್ಡ್-ರೀಡ್ ಪ್ರಸ್ತಾವಕ್ಕೆ ಸೆನೆಟ್‌ನಲ್ಲಿ 29 ಮತ, ವಿರುದ್ಧ 67. ಇಲ್ಲಿ ಸೋಲಿಸಿದ್ದು ವೀಟೊ ಅಲ್ಲ, ಸ್ವಂತ ಪಕ್ಷದವರೇ: ಹೌಸ್‌ನಲ್ಲಿ ಸುಮಾರು ಕಾಲು ಭಾಗ, ಸೆನೆಟ್‌ನಲ್ಲಿ ಸುಮಾರು ಐದರಲ್ಲಿ ಎರಡು ಪಾಲು.

ಕೊನೆಗೆ ಮೇ 24ರಂದು ನಡೆದದ್ದು ನನ್ನ ಮಟ್ಟಿಗೆ ಆ ವರ್ಷದ ಅತಿ ಸ್ಪಷ್ಟ ಚಿತ್ರ. ನಾಯಕತ್ವ ಒಂದೇ ಮಸೂದೆಯನ್ನು ಎರಡು ತಿದ್ದುಪಡಿಗಳಾಗಿ ಒಡೆದು ಬೇರೆ ಬೇರೆ ಮತಕ್ಕೆ ಹಾಕಿತು. ದೇಶದೊಳಗಿನ ಖರ್ಚು, ಜೊತೆಗೆ ಗಂಟೆಯ ಕನಿಷ್ಠ ಕೂಲಿಯನ್ನು 5.15ರಿಂದ ಹಂತ ಹಂತವಾಗಿ 7.25 ಡಾಲರ್‌ಗೆ ಏರಿಸುವುದು, ಇದಕ್ಕೆ 348-73. ಗಡುವೇ ಇಲ್ಲದ ಯುದ್ಧದ ದುಡ್ಡಿಗೆ 280-142. ಆ 280ರಲ್ಲಿ ರಿಪಬ್ಲಿಕನ್ನರು 194, ಡೆಮಾಕ್ರಟರು 86. ವಿರುದ್ಧ ಹಾಕಿದ 140 ಡೆಮಾಕ್ರಟರಲ್ಲಿ ಸಭಾಧ್ಯಕ್ಷೆ ನ್ಯಾನ್ಸಿ ಪೆಲೋಸಿಯವರೂ ಇದ್ದರು. ಮತಕ್ಕೆ ಬರಲು ದಾರಿ ಬಿಟ್ಟವರೂ ಅವರೇ. ಅವರು ಬಿಡದೆ ಹಿಡಿದಿಟ್ಟಿದ್ದರೆ? ಹೌಸ್ ನಿಯಮದಲ್ಲಿ 218 ಸಹಿ ಸಂಗ್ರಹಿಸಿ ಸಮಿತಿಯಿಂದ ಮಸೂದೆಯನ್ನು ಹೊರಗೆಳೆಯುವ ದಾರಿ ಇದೆ. 194 ರಿಪಬ್ಲಿಕನ್ನರಿಗೆ ಆ 86ರಲ್ಲಿ 24 ಜನ ಸೇರಿದ್ದರೆ ಸಾಕಿತ್ತು. ಸೆನೆಟ್ ಅದನ್ನು 80-14ರಲ್ಲಿ ಒಪ್ಪಿತು. ಮುಂದಿನ ವರ್ಷ ಅಧ್ಯಕ್ಷ ಚುನಾವಣೆಗೆ ನಿಲ್ಲಲಿದ್ದ ಒಬಾಮ, ಹಿಲರಿ ಕ್ಲಿಂಟನ್ ಇಬ್ಬರೂ ಬೇಡ ಎಂದರು. ಅದೇ ಸ್ಪರ್ಧೆಯಲ್ಲಿದ್ದ ಬೈಡನ್ ಹೂಂ ಎಂದರು.

ಆಮೇಲಿನ ಯತ್ನಗಳೆಲ್ಲ 60ರ ಗೋಡೆಗೆ ಬಡಿದವು. ಜುಲೈ 17ರ ರಾತ್ರಿಯಿಡೀ ಸೆನೆಟ್ ಕಟ್ಟಡದಲ್ಲಿ ಮಂಚ ಹಾಕಿ ಚರ್ಚೆ ನಡೆಸಿದರೂ ವಾಪಸಾತಿಗೆ ಗಡುವು ಹಾಕುವ ಲೆವಿನ್-ರೀಡ್ ತಿದ್ದುಪಡಿಗೆ ಬಂದದ್ದು 52. ಇವುಗಳಲ್ಲಿ ಅತಿ ಜಾಣತನದ್ದು ಡೆಮಾಕ್ರಟ್ ಸೆನೆಟರ್ ಜಿಮ್ ವೆಬ್ ಅವರದು. ವಾಪಸಾತಿ ಎಂಬ ಪದವನ್ನೇ ಎತ್ತದೆ, ಯೋಧ ಯುದ್ಧಭೂಮಿಯಲ್ಲಿ ಎಷ್ಟು ತಿಂಗಳಿದ್ದನೋ ಕನಿಷ್ಠ ಅಷ್ಟು ತಿಂಗಳು ಮನೆಯಲ್ಲಿರಬೇಕು ಎಂದರು. ಆಗ 15 ತಿಂಗಳು ಅಲ್ಲಿ, 12 ತಿಂಗಳು ಇಲ್ಲಿ. ಇದನ್ನು ಸಮ ಮಾಡಿದರೆ ಕಳಿಸಲು ಬ್ರಿಗೇಡ್‌ಗಳೇ ಸಾಲದೆ ಸಂಖ್ಯೆ ತಾನಾಗಿ ಇಳಿಯುತ್ತಿತ್ತು. ಯೋಧರನ್ನು ಕೈಬಿಟ್ಟರು ಎನ್ನಲೂ ಆಗುತ್ತಿರಲಿಲ್ಲ. ಜುಲೈನಲ್ಲಿ 56, ಸೆಪ್ಟೆಂಬರ್‌ನಲ್ಲಿ ಮತ್ತೆ 56, ನಾಲ್ಕು ಕಡಿಮೆ. ಮೊದಲು ಬೆಂಬಲಿಸಿದ್ದ ರಿಪಬ್ಲಿಕನ್ ಹಿರಿಯ ಜಾನ್ ವಾರ್ನರ್ ಎರಡನೇ ಬಾರಿ ಹಿಂದೆ ಸರಿದರು. ಇದನ್ನು ದುಡ್ಡಿನ ಮಸೂದೆಗೇ ಕಟ್ಟಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

'1973ರಲ್ಲಿ ಇದೇ ಸಂಸತ್ತು ಇಂಡೋಚೀನಾ ಯುದ್ಧಕ್ಕೆ ದುಡ್ಡು ನಿಲ್ಲಿಸಿತ್ತಲ್ಲ' ಎಂದು ನೀವು ಕೇಳಬಹುದು. ನಿಲ್ಲಿಸಿತ್ತು. ಆಗಲೂ ಅಧ್ಯಕ್ಷ ನಿಕ್ಸನ್ ಜೂನ್ 27ಕ್ಕೆ ವೀಟೊ ಮಾಡಿದರು, ಆಗಲೂ ಹೌಸ್‌ನಲ್ಲಿ 241-173ರಲ್ಲಿ ಮೀರಲಾಗಲಿಲ್ಲ. ಆದರೆ ಜೂನ್ 30ಕ್ಕೆ ಆರ್ಥಿಕ ವರ್ಷ ಮುಗಿಯುತ್ತಿತ್ತು. ಸಂಸತ್ತು ಅದೇ ಷರತ್ತನ್ನು ಇಡೀ ಸರ್ಕಾರ ನಡೆಯುವ ದುಡ್ಡಿನ ಮಸೂದೆಗಳಿಗೇ ಕಟ್ಟಲು ಹೊರಟಾಗ ನಿಕ್ಸನ್ ಆಗಸ್ಟ್ 15ರ ತಾರೀಖಿಗೆ ಒಪ್ಪಿದರು. ವ್ಯತ್ಯಾಸ ಎಲ್ಲಿ? ಅಮೆರಿಕದ ಕೊನೆಯ ಕಾದಾಟದ ಪಡೆ ಮಾರ್ಚ್‌ನಲ್ಲೇ ವಿಯೆಟ್ನಾಂ ಬಿಟ್ಟಿತ್ತು, ಯುದ್ಧಕೈದಿಗಳು ಮನೆ ಸೇರಿದ್ದರು, ಉಳಿದದ್ದು ಕಾಂಬೋಡಿಯದ ಮೇಲಿನ ಬಾಂಬ್ ದಾಳಿ. ನೆಲದ ಮೇಲೆ ಯೋಧರೇ ಇಲ್ಲದಾಗ 'ಯೋಧರನ್ನು ಕೈಬಿಟ್ಟರು' ಎಂಬ ಮಾತಿಗೆ ಹಲ್ಲಿರಲಿಲ್ಲ. ಜೊತೆಗೆ ವಾಟರ್‌ಗೇಟ್ ಹಗರಣದಿಂದ ನಿಕ್ಸನ್ ಕುಸಿದಿದ್ದರು. 2007ರಲ್ಲಿ ಇರಾಕ್‌ನಲ್ಲಿ ಒಂದೂವರೆ ಲಕ್ಷಕ್ಕೂ ಮೀರಿ ಯೋಧರಿದ್ದರು.

ಕೊನೆಗೆ ತಾರೀಖು ಬಂದದ್ದು ಬಾಗ್ದಾದ್‌ನಿಂದ. ವಿಶ್ವಸಂಸ್ಥೆಯ ಅನುಮತಿ 2008ರ ಡಿಸೆಂಬರ್‌ಗೆ ಮುಗಿಯುತ್ತಿದ್ದರಿಂದ ಒಪ್ಪಂದ ಬೇಕೇ ಆಯಿತು, ಇರಾಕ್ ಪ್ರಧಾನಿ ಮಾಲಿಕಿಯವರ ಸರ್ಕಾರ ಗಡುವಿಗೆ ಪಟ್ಟು ಹಿಡಿಯಿತು. 2008ರ ನವೆಂಬರ್ 17ಕ್ಕೆ ಬುಷ್ ಸರ್ಕಾರವೇ ಸಹಿ ಹಾಕಿತು: 2009ರ ಜೂನ್ 30ರೊಳಗೆ ನಗರಗಳಿಂದ, 2011ರ ಡಿಸೆಂಬರ್ 31ರೊಳಗೆ ದೇಶದಿಂದ. ಕೊನೆಯ ವಾಹನಸಾಲು ಕುವೈತ್ ಗಡಿ ದಾಟಿದ್ದು 2011ರ ಡಿಸೆಂಬರ್ 18ರಂದು.

ಮುಂದೆ 'ಸೈನ್ಯ ವಾಪಸಾತಿಗೆ ಅಮೆರಿಕ ಸಂಸತ್ತಿನ ಒಪ್ಪಿಗೆ' ಎಂಬ ಸುದ್ದಿ ಓದಿದಾಗ, ಅದು ಬರೀ ನಿರ್ಣಯವೇ ಕಾನೂನೇ, ತಾರೀಖು ಕಡ್ಡಾಯವೇ ಗುರಿಯೇ, ವಿನಾಯಿತಿಯಲ್ಲಿ ಎಷ್ಟು ಜನ ಉಳಿಯಬಹುದು, ಅಧ್ಯಕ್ಷರಿಗೆ ಬೇಕೇ ಬೇಕಾದ ಮಸೂದೆಗೆ ಅದನ್ನು ಕಟ್ಟಿದ್ದಾರೆಯೇ ಎಂದು ನೋಡಿ. ಯೆಮೆನ್ ಯುದ್ಧದಿಂದ ಅಮೆರಿಕದ ಪಡೆಗಳು ಹಿಂದೆ ಸರಿಯಬೇಕೆಂಬ 2019ರ ನಿರ್ಣಯಕ್ಕೆ ಕಾನೂನಿನ ಬಲ ಇತ್ತು, ಎರಡೂ ಸದನ ದಾಟಿತ್ತು (ಸೆನೆಟ್‌ನಲ್ಲಿ 54-46, ಹೌಸ್‌ನಲ್ಲಿ 247-175). ಆದರೆ ಯಾವ ದುಡ್ಡಿನ ಮಸೂದೆಗೂ ಕಟ್ಟಿರಲಿಲ್ಲ. ಏಪ್ರಿಲ್ 16ಕ್ಕೆ ಟ್ರಂಪ್ ವೀಟೊ ಮಾಡಿದರು, ಮೇ 2ಕ್ಕೆ ಸೆನೆಟ್‌ನಲ್ಲಿ 53-45ರಲ್ಲಿ ಅದು ಅಲ್ಲಿಗೇ ನಿಂತಿತು.